ಅತ್ತೆ ಬೀಡಿ ಬಿಟ್ಟ ವರ್ಷ

ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ಬೆಳಗಾದರೆ ನಾನು ಎರಡು ಕಡ್ಡಿ ಗೀರುತ್ತಿದ್ದೆ. ಒಂದು ದೇವರ ದೀಪಕ್ಕೆ, ಇನ್ನೊಂದು ಅತ್ತೆಯ ಬೀಡಿಗೆ. ದೀಪ ಹಚ್ಚಿ ಅದೇ ಬೆಂಕಿಪೊಟ್ಟಣ ಹಿಡಿದು ಹಿತ್ತಿಲ ಬಾಗಿಲಿಗೆ ಹೋದರೆ, ಅತ್ತೆ ಬೀಡಿಯನ್ನು ತುಟಿಗೆ ಸಿಕ್ಕಿಸಿಕೊಂಡು, ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡು, ಫೋಟೊ ತೆಗೆಸಿಕೊಳ್ಳುವವರ ಹಾಗೆ ಕಾಯುತ್ತಿದ್ದರು.

ಬೆಳಗಿನ ಹೊತ್ತು ಅವರ ಕೈ ಅವರ ಮಾತು ಕೇಳುತ್ತಿರಲಿಲ್ಲ. ಬೆರಳ ಗೆಣ್ಣುಗಳು ಊದಿ ಬಿಗಿದಿರುತ್ತಿದ್ದವು. ಬಿಸಿನೀರಿನ ಚೊಂಬನ್ನು ಅಂಗೈಗಳ ನಡುವೆ ಒತ್ತಿಕೊಂಡು ಕೂತರೆ, ಬಿಸಿಲು ಹಿತ್ತಿಲ ಗೋಡೆಯಿಂದ ಕಲ್ಲುಚಪ್ಪಡಿಗೆ ಇಳಿಯುವಷ್ಟರಲ್ಲಿ ಒಂದೊಂದೇ ಬೆರಳು ಸಡಿಲವಾಗುತ್ತಿತ್ತು. ಅಲ್ಲಿಯವರೆಗೆ ಚಿಲಕ ತೆಗೆಯುವುದೂ ಕಷ್ಟ. ಕಡ್ಡಿಯನ್ನು ಚಿಟಿಕೆಯಲ್ಲಿ ಹಿಡಿದು ಗೀರುವುದಂತೂ ದೂರದ ಮಾತು. ಹಾಗಾಗಿ ಆ ಕೆಲಸ ನನಗೆ ಬಂತು. ಬೀಡಿ ಹೊತ್ತಿಕೊಳ್ಳುವವರೆಗೆ ಅವರ ಮುಖ ನನ್ನ ಮುಖಕ್ಕೆ ಒಂದು ಗೇಣು ದೂರದಲ್ಲಿರುತ್ತಿತ್ತು. ಮೂಗುಬೊಟ್ಟಿನ ಕೆಳಗೆ ಒಂದು ಬಿಳಿ ಕೂದಲು ಇದ್ದದ್ದು ನನಗೆ ತಿಳಿದದ್ದು ಹಾಗೆ.

ನಾನು ಚಾಮರಾಜನಗರದಲ್ಲಿ ಸಿಸ್ಟರ್‌ಗಳ ಶಾಲೆಯಲ್ಲಿ ಓದಿದವಳು. ನಮ್ಮ ನೀತಿಪಾಠದ ಪುಸ್ತಕದಲ್ಲಿ ಹೊಗೆ ಬಿಡುವವರೆಲ್ಲ ಗಂಡಸರು, ಎಲ್ಲರಿಗೂ ಗಡ್ಡ. ಮದುವೆಯಾಗಿ ಬಂದ ಹೊಸದರಲ್ಲಿ ಬೇಗೂರಿನ ಹತ್ತಿರದ ಹೊಲದ ಬದುವಿನ ಮೇಲೆ ಅತ್ತೆ ಮಾವ ಇಬ್ಬರೂ ಪಕ್ಕಪಕ್ಕ ಕೂತು ಬೀಡಿ ಸೇದುವುದನ್ನು ಕಂಡು ನಾನು ಮುಖ ತಿರುಗಿಸಿಕೊಂಡಿದ್ದೆ. ಮಾವ ಎರಡು ಬೀಡಿಯನ್ನು ಒಟ್ಟಿಗೆ ಬಾಯಲ್ಲಿಟ್ಟು ಹಚ್ಚಿ, ಒಂದನ್ನು ತೆಗೆದು ಹೆಂಡತಿಗೆ ಕೊಡುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ಕಳೆ ಕೀಳುವ ಕೆಲಸದ ನಡುವೆ ಅವರಿಗಿದ್ದ ಬಿಡುವು ಅದು. ಮಾವ ಕೆಮ್ಮಿ ಕೆಮ್ಮಿ ತೀರಿಕೊಂಡರು. ಅವರು ಹೋದ ಮೇಲೂ ಅತ್ತೆಯ ಪಾಲಿನ ಬೀಡಿ ಹಾಗೇ ಉಳಿಯಿತು.

ಕೈಗಳ ನೋವು ಶುರುವಾದಾಗ ಮೊದಮೊದಲು ಎಣ್ಣೆ ತಿಕ್ಕಿದ್ದಾಯಿತು, ಉತ್ತರಾಣಿ ಸೊಪ್ಪಿನ ಶಾಖ ಕೊಟ್ಟದ್ದಾಯಿತು. ಕೊನೆಗೆ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹಿಡಿದು ಚಾಮರಾಜನಗರದ ಆಸ್ಪತ್ರೆಗೆ ಹೋದೆವು. ರಕ್ತ ನೋಡಿದರು, ಎಕ್ಸ್‌ರೇ ತೆಗೆದರು, ರುಮಟಾಯ್ಡ್ ಸಂಧಿವಾತ ಎಂದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅತ್ತೆಯ ಎರಡು ಕೈಗಳನ್ನೂ ಮೇಜಿನ ಮೇಲೆ ಬೋರಲು ಇರಿಸಿ, ಅಕ್ಕಿ ಆರಿಸುವವಳಂತೆ ಒಂದೊಂದು ಗೆಣ್ಣನ್ನೂ ಮೆಲ್ಲಗೆ ಒತ್ತಿ ನೋಡಿದಳು.

"ಎಡಗೈಯ ಎರಡು ಬೆರಳು ಆಗ್ಲೇ ವಾಲಿವೆ ಅಜ್ಜಿ. ವಾಲಿದ್ದು ನೆಟ್ಟಗಾಗಲ್ಲ. ಬಲಗೈ ಇನ್ನೂ ಚೆನ್ನಾಗಿದೆ, ಅದನ್ನ ಉಳಿಸ್ಕೊಳ್ಳೋಣ. ಬೀಡಿ ಗೀಡಿ ಏನಾದ್ರೂ ಅಭ್ಯಾಸ ಇದೆಯಾ?"

ಅತ್ತೆ ನನ್ನ ಕಡೆ ನೋಡಿದರು. ನಾನು ಎಕ್ಸ್‌ರೇ ಕವರಿನ ಮಡಿಕೆ ಸರಿಮಾಡಿದೆ.

"ಅದೆ ಕಣವ್ವ. ಒಗೆ ಓಗಾದು ಎದೆಗೆ. ಬೆರಳ್ಗೂ ಅದ್ಕೂ ಏನ್ ಸಂಬಂದ?"

"ಈ ಕಾಯಿಲೆ ಬೆರಳಲ್ಲಿ ಹುಟ್ಟಿದ್ದಲ್ಲ ಅಜ್ಜಿ. ಮೈಯನ್ನ ಕಾಯಬೇಕಾದ ಶಕ್ತಿನೇ ತಿರುಗಿ ಮೈಯನ್ನ ಕಡೀತಿದೆ. ಹೊಗೆ ಅದನ್ನ ಇನ್ನೂ ಕೆರಳಿಸುತ್ತೆ. ನಾನು ಮಾತ್ರೆ ಕೊಟ್ಟು ಒಂದು ಕಡೆ ಎಳೀತೀನಿ, ನೀವು ಬೀಡಿ ಸೇದಿ ಇನ್ನೊಂದು ಕಡೆ ಎಳೀತೀರಿ. ನಡುವೆ ಇರೋದು ನಿಮ್ಮ ಕೈ."

ವಾಪಸು ಬರುವ ಬಸ್ಸು ತೆರಕಣಾಂಬಿ ದಾಟಿತು. ಆಗ ಅತ್ತೆ, "ಆ ಕೂಸು ಸಂದಾಗಿ ಮಾತಾಡ್ತದೆ. ಮದ್ವೆ ಆಗದ?" ಎಂದರು. ಬೀಡಿಯ ಬಗ್ಗೆ ಅಷ್ಟೇ.

ನನ್ನ ಯಜಮಾನರು ಸರ್ಕಾರಿ ಹೈಸ್ಕೂಲಿನಲ್ಲಿ ಗುಮಾಸ್ತರು. ಯಾವ ವಿಷಯಕ್ಕೂ ಅವರ ಬಳಿ ಒಂದು ಸಾಲಿನ ಪರಿಹಾರ ಇರುತ್ತದೆ. ಸಂಜೆ ವಿಷಯ ಕೇಳಿ, "ನೀನು ಕಡ್ಡಿ ಗೀರ್ಬೇಡ, ಅಷ್ಟೆ. ತಾನಾಗೇ ಬಿಡ್ತದೆ ಅವ್ವ," ಎಂದು ಪೇಪರು ಬಿಡಿಸಿದರು.

ಮರುದಿನ ದೀಪ ಹಚ್ಚಿ ಬೆಂಕಿಪೊಟ್ಟಣವನ್ನು ಅಲ್ಲೇ ದೇವರ ಗೂಡಿನಲ್ಲಿ ಬಿಟ್ಟೆ. ಹಿತ್ತಿಲ ಬಾಗಿಲಲ್ಲಿ ಅತ್ತೆ ಬೀಡಿ ಕಚ್ಚಿಕೊಂಡು ಕೂತಿದ್ದರು. ನಾನು ತೊಳೆದ ಹಾಲಿನ ಪಾತ್ರೆಯನ್ನೇ ಮತ್ತೆ ತೊಳೆದೆ. ಅವರು ಕೇಳಲಿಲ್ಲ. ಕೇಳಿದ್ದರೆ ಏನಾದರೂ ಹೇಳಬಹುದಿತ್ತು. ಸ್ವಲ್ಪ ಹೊತ್ತಿಗೆ ಗೋಡೆ ಹಿಡಿದು ಎದ್ದು, ಬೀಡಿ ಬಾಯಲ್ಲಿ ಹಾಗೇ ಇರಲು, ಬೀದಿಗೆ ಇಳಿದೇಬಿಟ್ಟರು. ನಮ್ಮ ಬೀದಿಯ ತುದಿಗೆ ಹೈವೇ. ಅಲ್ಲಿ ಟೀ ಅಂಗಡಿಯ ಮುಂದೆ ಕೇರಳದ ಲಾರಿಗಳು ನಿಲ್ಲುತ್ತವೆ. ಲಾರಿಯ ಮಲಯಾಳಿ ಡ್ರೈವರೊಬ್ಬ ಬಾಗಿ, ಅಂಗೈ ಮರೆಮಾಡಿ, ಭಕ್ತಿಯಿಂದ ಅತ್ತೆಯ ಬೀಡಿ ಹಚ್ಚುತ್ತಿದ್ದುದನ್ನು ನಾನು ಗೇಟಿನಿಂದ ನೋಡಿದೆ.

"ಬೆಂಕಿ ಕೊಡಾಕೆ ಊರೇ ಅದೆ ಕಣಮ್ಮಿ," ಎಂದು ವಾಪಸು ಬಂದವರು ಹೇಳಿದರು. ಕೋಪವಿರಲಿಲ್ಲ ಆ ಮಾತಿನಲ್ಲಿ. ನನಗೆ ಅದೇ ತಡೆಯಲಾಗಲಿಲ್ಲ.

ಆ ವಾರವೆಲ್ಲ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕಡ್ಡಿ ಗೀರಿದರೆ ಅವರ ಬಲಗೈಯನ್ನು ನಾನೇ ಸುಟ್ಟಂತೆ ಅನ್ನಿಸುತ್ತಿತ್ತು. ಗೀರದಿದ್ದರೆ, ಕೈಲಾಗದ ಹಿರಿಯರನ್ನು ಕಟ್ಟಿಹಾಕಿದಂತೆ. ಕುಕ್ಕರಿನ ಕೂಗು ಲೆಕ್ಕ ತಪ್ಪುತ್ತಿತ್ತು, ಒಗೆದ ಬಟ್ಟೆ ಬಕೆಟ್ಟಿನಲ್ಲೇ ಮರೆತುಹೋಗುತ್ತಿತ್ತು. ಯಜಮಾನರು, "ಬೀಡಿ ಬಿಡ್ಬೇಕಾದ್ದು ಅವ್ವನಾ ನೀನಾ?" ಎಂದು ನಕ್ಕರು. ಅವರು ನಕ್ಕದ್ದು ನನಗೆ ಹಿತವಾಗಲಿಲ್ಲ.

ಬಿಡಿಸಿದ್ದು ನಾನಲ್ಲ, ಡಾಕ್ಟರೂ ಅಲ್ಲ. ಒಂದು ರವಿಕೆಯ ಹುಕ್ಕು.

ಅವತ್ತು ನೋವು ಎಂದಿಗಿಂತ ಜೋರಿತ್ತು. ಸ್ನಾನ ಮುಗಿಸಿದ ಅತ್ತೆ ಬಚ್ಚಲಿನಿಂದ ಹೊರಗೆ ಬರಲೇ ಇಲ್ಲ. ಬಾಗಿಲು ತಟ್ಟಿದೆ. "ಇರಮ್ಮಿ" ಎಂದರು. ಮತ್ತೆ ತಟ್ಟಿದೆ. ಕೊನೆಗೆ ಬಾಗಿಲು ತೆಗೆದವರು ಸೆರಗನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದರು. ಬಲಗೈಯೂ ಕೈಕೊಟ್ಟಿತ್ತು. ರವಿಕೆಯ ಹುಕ್ಕುಗಳನ್ನು ನಾನು ಒಂದೊಂದಾಗಿ ಹಾಕುತ್ತಿರುವಾಗ ಅವರು ಗೋಡೆಯ ಮೇಲಿನ ಸೋಪಿನ ಗೂಡನ್ನೇ ನೋಡುತ್ತಿದ್ದರು. ನನ್ನ ಬೆರಳು ತಣ್ಣಗಿದ್ದವೋ ಏನೋ, ಒಮ್ಮೆ ಮೈ ನಡುಗಿತು ಅವರಿಗೆ.

"ಕಡ್ಡಿ ಗೀರೋದು ಬ್ಯಾರೆ," ಎಂದರು. "ಇದು ಬ್ಯಾಡ ಕಣಮ್ಮಿ. ಇದ ನಾನೇ ಹಾಕೊಬೇಕು."

ಆಮೇಲೆ ಹೋಗಿ ದಿಂಬಿನ ಕೆಳಗಿನಿಂದ ಬೀಡಿ ಕಟ್ಟು ತಂದು ನನ್ನ ಮುಂದೆ ಇಟ್ಟರು. "ಎಲ್ಲಾರ ಮಡಗು. ಎಲ್ಲಿ ಮಡಗ್ದೆ ಅಂತ ನಂಗೆ ಯೋಳ್ಬ್ಯಾಡ."

ನಾನು ಅದನ್ನು ಅಕ್ಕಿ ಡಬ್ಬದಲ್ಲಿಟ್ಟೆ. ಅಕ್ಕಿ ಅಳೆಯಲು ಅವರೂ ಬರುತ್ತಾರಲ್ಲ ಎಂದು ಅಲ್ಲಿಂದ ತೆಗೆದು ಬೀರುವಿನಲ್ಲಿ ನನ್ನ ರೇಷ್ಮೆ ಸೀರೆಗಳ ನಡುವೆ ಇಟ್ಟೆ. ಸೀರೆಗೆ ವಾಸನೆ ಹತ್ತೀತೆಂದು ಅಟ್ಟದ ಮೇಲೆ ಹಿತ್ತಾಳೆ ಕೊಳದಪ್ಪಲೆಯೊಳಗೆ ಹಾಕಿದೆ. ಸ್ಟೂಲಿನ ಸದ್ದು ಕೇಳಿ ಅತ್ತೆ ಒಳಗಿನಿಂದ, "ಅಟ್ಟದ ಮ್ಯಾಲೆ ಅಂತ ತಿಳ್ದೋಯ್ತು, ಬ್ಯಾರೆ ಕಡೆ ನೋಡು," ಎಂದು ಕೂಗಿದರು. ಕೊನೆಗೆ ಪುರಸಭೆಯ ಕಸದ ಗಾಡಿ ಬಂದಾಗ ಅದಕ್ಕೆ ಹಾಕಿ ಬಂದೆ. ಗಾಡಿಯವನು ಕಟ್ಟನ್ನು ಎತ್ತಿ ನೋಡಿ, ನನ್ನನ್ನು ನೋಡಿ, ಜೇಬಿಗಿಳಿಸಿಕೊಂಡ.

ಬಿಟ್ಟ ಮೇಲೆ ಮನೆ ಇನ್ನೊಂದು ಥರವಾಯಿತು. ಅತ್ತೆ ಮುಂಬಾಗಿಲಿನಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಮುಂಬಾಗಿಲಿಗೆ ನಡೆದರು. ಟಿವಿ ಹಾಕಿದರು, ಆರಿಸಿದರು. ಹಾಲು ತೆಳ್ಳಗಿದೆ ಎಂದು ಹಾಲಿನವಳನ್ನು ಬೈದರು. ಅವಳು ಮಾರನೆಯ ದಿನ ಗಟ್ಟಿ ಹಾಲು ತಂದರೆ ಪುಡಿ ಕಲೆಸಿದ್ದೀಯ ಎಂದು ಬೈದರು. ಲವಂಗ ಕಚ್ಚಿದರು, ಜೀರಿಗೆ ಜಗಿದರು, ಏನೂ ಸಾಲದೆ ಪೊರಕೆ ಕಡ್ಡಿಯೊಂದನ್ನು ಮುರಿದು ತುಟಿಯ ಮೂಲೆಗೆ ಸಿಕ್ಕಿಸಿಕೊಂಡು ತಿರುಗಿದರು. ಕೈಗೆ ಕೆಲಸ ಬೇಕು ಎಂದು ಬಿಸಿಲೇರಿದ ಮೇಲೆ ಸಾಂಬಾರ್ ಈರುಳ್ಳಿ ಸುಲಿಯತೊಡಗಿದರು. ಹರವೆ ಊರಿನ ಕಡೆಯ ನಮ್ಮ ನೆಂಟರೊಬ್ಬರು ಕೊಟ್ಟುಹೋದ ಚೀಲ ಖಾಲಿಯಾಗುವವರೆಗೆ ನಮ್ಮ ಮನೆಯಲ್ಲಿ ದಿನವೂ ಈರುಳ್ಳಿ ಹುಳಿಯೇ. ಯಜಮಾನರು ಶಾಲೆಯಲ್ಲಿ ಊಟದ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಮುಖ ಸಿಂಡರಿಸುತ್ತಿದ್ದರಂತೆ.

ಪಕ್ಕದ ಮನೆಯಾಕೆ ಎಲೆ ಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಕೂರುವ ಹೆಂಗಸು. ಅತ್ತೆಯ ಪಾಡು ನೋಡಲಾರದೆ ಒಂದು ಮಧ್ಯಾಹ್ನ ಹೊಗೆಸೊಪ್ಪಿನ ಚೂರು ತೆಗೆದು ಚಾಚಿದಳು.

"ಇದ ದವಡೇಲಿ ಮಡಿಕೊ ಕಣಕ್ಕ. ಬೀಡಿ ನೆಪ್ಪೇ ಬರಕಿಲ್ಲ."

ಅತ್ತೆ ನನ್ನ ಕಡೆ ತಿರುಗಿದರು. "ಡಾಕುಟ್ರು ಒಗೆ ತಾನೆ ಬ್ಯಾಡ ಅಂದದ್ದು? ಇದ್ರಲ್ಲಿ ಒಗೆ ಎಲ್ಲದೆ?"

"ಅತ್ತೆ, ಅದೂ ಅದೇ ಎಲೆ. ಬೇಡಿ."

"ಏನ್ ಸೊಸೆ ತಂದಿದ್ದೀಯಕ್ಕ," ಎಂದಳು ಆಕೆ. "ಪೊಲೀಸ್ನೋರ ಮಗಳಾ?"

"ಪೊಲೀಸ್ನೋರಾಗಿದ್ರೆ ಏನಾರ ಕೊಟ್ಟು ಸುಮ್ಕಿರುಸ್ಬೋದಿತ್ತು. ಇದು ಸಿಸ್ಟರ್ಗೊಳ್ ತಾವ ಓದ್ಕಂಡು ಬಂದದೆ ಕಣಮ್ಮಿ," ಎಂದರು ಅತ್ತೆ. ಇಬ್ಬರೂ ಬಿದ್ದು ಬಿದ್ದು ನಕ್ಕರು. ಹೊಗೆಸೊಪ್ಪು ಚೀಲಕ್ಕೆ ವಾಪಸು ಹೋಯಿತು.

ನಾನು ಮಾತ್ರ ನಂಬಲಿಲ್ಲ. ಒಣಗಲು ಹಾಕಿದ ಅವರ ಸೀರೆಯ ಸೆರಗನ್ನು ತಂತಿಯ ಮೇಲೇ ಮೂಗಿಗೆ ಹಿಡಿದು ನೋಡುತ್ತಿದ್ದೆ. ಒಗೆದ ಸೀರೆಯಲ್ಲಿ ಏನು ಸಿಕ್ಕೀತು, ಆದರೂ ನೋಡುತ್ತಿದ್ದೆ. ಒಂದು ದಿನ ಸೀರೆಯ ಆಚೆ ಬದಿಯಿಂದಲೇ ದನಿ ಬಂತು.

"ಸಿಕ್ತಾ?"

ನನ್ನ ಕಿವಿ ಬಿಸಿಯಾಯಿತು. "ಇಲ್ಲ ಅತ್ತೆ."

"ಸೇದುದ್ರೆ ನಾನೇ ಯೋಳ್ತೀನಿ. ನಾಯಿ ಮೂಸ್ದಂಗೆ ಮೂಸ್ಬ್ಯಾಡ."

ಹೇಳಿದಂತೆ ಹೇಳಿದರು ಕೂಡ. ಬೇಗೂರಿನಲ್ಲಿ ಯಾರದೋ ಬೀಗರೂಟಕ್ಕೆ ಹೋಗಿದ್ದವರು ವಾಪಸು ಬಂದು, ಚಪ್ಪಲಿ ಬಿಡುವ ಮೊದಲೇ, "ಬಸ್‌ಸ್ಟ್ಯಾಂಡಲ್ಲಿ ಒಂದ್ ದಮ್ ಎಳ್ದೆ. ತಲೆ ಗಿರ್ ಅಂತು. ಅರ್ಧಕ್ಕೇ ಬಿಸಾಕ್ದೆ," ಎಂದರು. ನಾನು ಕಾಫಿ ಇಟ್ಟೆ. ಅಂದಿನಿಂದ ಸೀರೆ ಮೂಸುವುದನ್ನು ಬಿಟ್ಟೆ.

ಆಸ್ಪತ್ರೆಯಲ್ಲಿ ಕೊಟ್ಟಿದ್ದ, ವಾರಕ್ಕೊಮ್ಮೆ ನುಂಗುವ ಮಾತ್ರೆ ನಡೆದೇ ಇತ್ತು. ಡಾಕ್ಟರು ಒಮ್ಮೆ ಅದನ್ನು ಹೆಚ್ಚು ಮಾಡಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತೆ ರವಿಕೆಯ ಹುಕ್ಕನ್ನು ತಾವೇ ಹಾಕಿಕೊಳ್ಳತೊಡಗಿದರು. ನಿಧಾನ, ಆದರೆ ತಾವೇ. ಅದು ಮಾತ್ರೆಯ ಗುಣವೋ ಬೀಡಿ ಬಿಟ್ಟದ್ದರ ಗುಣವೋ ನಾನು ಹೇಳಲಾರೆ. ಎಡಗೈ ಹಾಗೇ ಇತ್ತು. ಬಲಗೈ ವಾಲಿರಲಿಲ್ಲ.

ಅಷ್ಟರಲ್ಲಿ ಮಹಾಲಯ ಅಮಾವಾಸ್ಯೆ ಹತ್ತಿರ ಬಂತು.

ಬೇಗೂರಿನ ಹತ್ತಿರದ ಊರಮನೆಯಲ್ಲಿ ಮೈದುನ ಮತ್ತು ನನ್ನ ಓರಗಿತ್ತಿ ಇದ್ದಾರೆ. ಹಿರಿಯರಿಗೆ ಎಡೆ ಇಡುವುದು ಅಲ್ಲೇ. ಮಾವನ ಫೋಟೊ ಮುಂದೆ ಬಾಳೆಲೆ ಹಾಸಿ ಹೊಸ ಪಂಚೆ, ಕಜ್ಜಾಯ, ವಡೆ, ಮುದ್ದೆ, ಕೋಳಿ ಸಾರು, ಎಲೆ ಅಡಿಕೆ ಎಲ್ಲವನ್ನೂ ಇಡುತ್ತೇವೆ. ಬದುಕಿದ್ದಾಗ ಅವರಿಗೆ ಏನು ಇಷ್ಟವೋ ಅದು ಎಲೆಯ ಮೇಲಿರಬೇಕು. ಕೊನೆಗೆ ಒಂದು ಬೀಡಿ, ಹಚ್ಚಿದ್ದು. ಅದನ್ನು ಎಲೆಯ ಅಂಚಿಗಿಟ್ಟು ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆಳೆದುಕೊಳ್ಳುತ್ತೇವೆ. ಅವರು ಬಂದು ಉಂಡು ಹೋಗುವಷ್ಟು ಹೊತ್ತು ಒಳಗೆ ಯಾರೂ ಇರಬಾರದು.

ಬೀಡಿಗೆ ಬರಿದೇ ಬೆಂಕಿ ತೋರಿಸಿದರೆ ಹೊತ್ತುವುದಿಲ್ಲ. ಬಾಯಲ್ಲಿಟ್ಟು ಎಳೆಯಬೇಕು. ಮಾವ ಹೋದಾಗಿನಿಂದ ಎಳೆದು ಕೆಂಡಮಾಡಿ ಇಡುತ್ತಿದ್ದವರು ಅತ್ತೆಯೇ.

"ಊದುಬತ್ತಿ ಇಟ್ರೆ ಆಯ್ತು," ಎಂದರು ಯಜಮಾನರು, ಒಂದು ಸಾಲಿನಲ್ಲಿ.

"ನೀವು ಹಚ್ಚಿ ಇಡಿ."

"ನಾನಾ?" ಎಂದರು, ಅವರಿಗೆ ಕೆಮ್ಮು ಆಗಲೇ ಬಂದಂತೆ. ನಾನೇ ಹಚ್ಚಿದರೆ ಹೇಗೆ ಎಂದು ಒಲೆಯ ಮುಂದೆ ನಿಂತು ಯೋಚಿಸಿದೆ. ಅತ್ತೆಯನ್ನು ಆ ದಿನ ಹುಷಾರಿಲ್ಲವೆಂದು ಇಲ್ಲೇ ಉಳಿಸಿಕೊಂಡರೆ? ಗಂಡನ ಎಡೆಗೆ ಹೋಗಬೇಡಿ ಎಂದು ಯಾವ ಬಾಯಲ್ಲಿ ಹೇಳುವುದು? ಅತ್ತೆ ಮಾತ್ರ ಕಜ್ಜಾಯಕ್ಕೆ ಬೆಲ್ಲ ಎಷ್ಟು ಎಂದು ಓರಗಿತ್ತಿಗೆ ಫೋನಿನಲ್ಲಿ ಕೂಗಿ ಹೇಳುತ್ತಿದ್ದರು, ಬೇರೆ ಚಿಂತೆಯೇ ಇಲ್ಲದವರಂತೆ.

ಅಮಾವಾಸ್ಯೆಯ ದಿನ ಎಲೆಯ ಮೇಲೆ ಎಲ್ಲ ಬಡಿಸಿಯಾಯಿತು. ಸಾಂಬ್ರಾಣಿ ಹಾಕಿಯಾಯಿತು. ಓರಗಿತ್ತಿ, ಅಭ್ಯಾಸದಂತೆ, ಹೊಸ ಬೀಡಿ ಕಟ್ಟನ್ನೂ ಬೆಂಕಿಪೊಟ್ಟಣವನ್ನೂ ಅತ್ತೆಗೆ ಚಾಚಿದಳು. ಬೀಡಿ ಬಿಟ್ಟದ್ದು ಅವಳಿಗೆ ಗೊತ್ತಿಲ್ಲದ್ದಲ್ಲ. ಎಡೆ ಬೇರೆ, ಸೇದುವುದು ಬೇರೆ ಎಂದು ಅವಳ ಲೆಕ್ಕ.

ಅತ್ತೆ ಬೆಂಕಿಪೊಟ್ಟಣ ಮುಟ್ಟಲಿಲ್ಲ. ಬೀಡಿ ಕಟ್ಟನ್ನು ಮಾತ್ರ ಬಲಗೈಗೆ ತೆಗೆದುಕೊಂಡರು. ಫೋಟೊದ ಮುಂದೆ ನಿಂತರು. ನಾನು ಕಂಬಕ್ಕೆ ಒರಗಿದ್ದವಳು ನೆಟ್ಟಗಾದೆ.

"ನೋಡು," ಎಂದರು ಮಾವನಿಗೆ, ಪಕ್ಕದ ಸಾಲಿನಲ್ಲಿ ಕಳೆ ಕೀಳುತ್ತಿರುವವರೊಡನೆ ಮಾತಾಡುವಂತೆ. "ನಾನು ಬುಟ್ಟಿವ್ನಿ. ನೀನೂ ಬುಟ್ಬುಡು. ಕೆಮ್ಮಿ ಕೆಮ್ಮಿ ಸತ್ತದ್ದು ಸಾಲ್ದಾ?"

ಮೈದುನ ಮುಂದೆ ಬಂದ.

"ಅವ್ವ, ವರ್ಸಕ್ಕೊಂದ್ಸಲ ಬರೋರು. ಬರಿಗೈಲಿ ಕಳ್ಸಾದಾ?"

"ಬರಿಗೈಯೇನ್ಲಾ? ಕೋಳಿ ಅದೆ, ಕಜ್ಜಾಯ ಅದೆ, ಪಂಚೆ ಅದೆ. ಹೊಟ್ಟೆ ತುಂಬ ಉಣ್ಲಿ."

"ನೀ ಹಚ್ಬ್ಯಾಡ ಬುಡು. ನಾನು ಹಚ್ತೀನಿ ಕೊಡಿಲ್ಲಿ."

"ನೀ ಹಚ್ಚುದ್ರೆ ವಾಸ್ನೆ ನಂಗೆ ಬರಕಿಲ್ವಾ?" ಎಂದರು ಅತ್ತೆ. ದನಿ ಅಲ್ಲಿ ಒಂದಿಷ್ಟು ಒಡೆಯಿತು. "ಬಂದ್ರೆ ನಾ ತಡಿಯಾಕಿಲ್ಲ ಕಣ್ಲಾ. ಬಾಗ್ಲೆಳಿ."

ಬಾಗಿಲು ಎಳೆದೆವು. ಮಾವನ ಎಲೆಯ ಮೇಲೆ ಆ ವರ್ಷ ಬೀಡಿ ಇರಲಿಲ್ಲ.

ಜಗುಲಿಯ ಮೇಲೆ ಎಲ್ಲರೂ ಕೂತೆವು. ಅತ್ತೆ ಕೂತರು, ಎದ್ದರು, ಕಂಬ ಸುತ್ತಿ ಬಂದು ಮತ್ತೆ ಕೂತರು. ಮೈದುನ ಮುಖ ಆ ಕಡೆ ಮಾಡಿಕೊಂಡಿದ್ದ. ಓರಗಿತ್ತಿ ನನ್ನ ಕಿವಿಯಲ್ಲಿ, "ಹಿರಿಯರು ಮುನಿಸ್ಕೊಂಡ್ರೆ ಏನಕ್ಕ ಗತಿ?" ಎಂದಳು. ಒಳಗಿನಿಂದ ಸಾಂಬ್ರಾಣಿಯ ವಾಸನೆ ಬಾಗಿಲ ಸಂದಿಯಲ್ಲಿ ಬರುತ್ತಿತ್ತು. ಆಗ ನೋಡಿದೆ: ಬೀಡಿ ಕಟ್ಟು ಇನ್ನೂ ಅತ್ತೆಯ ಬಲಗೈಯಲ್ಲೇ ಇದೆ. ಹೆಬ್ಬೆರಳು ಅದರ ನೂಲನ್ನು ತಿಕ್ಕುತ್ತಿದೆ, ಒಮ್ಮೆ ಹೀಗೆ, ಒಮ್ಮೆ ಹಾಗೆ.

ನಾನು ಕೈ ಚಾಚಲಿಲ್ಲ. ಚಾಚಬೇಕೆಂದು ಮೈಯೆಲ್ಲ ಅನ್ನುತ್ತಿತ್ತು.

"ಉಡುಕ್ತಾವ್ನೆ ಕಣಮ್ಮಿ," ಎಂದರು ಮೆಲ್ಲಗೆ. "ಎಲೆ ಎತ್ತಿ ಎತ್ತಿ ನೋಡ್ತಾವ್ನೆ. ನಂಗೆ ಗೊತ್ತು."

"ಅತ್ತೆ..."

"ಇಲ್ಲೇ ಕೂತಿದ್ರೆ ನಾನೇ ಒಳಿಕ್ಕೋಗಿ ಹಚ್ಬುಡ್ತೀನಿ. ಏಳು. ನಡಿ ಅತ್ಲಾಗೆ."

ಬೀಡಿ ಕಟ್ಟನ್ನು ಓರಗಿತ್ತಿಯ ಮಡಿಲಿಗೆ ಎಸೆದು ಜಗುಲಿ ಇಳಿದೇಬಿಟ್ಟರು. ನಾನು ಚಪ್ಪಲಿ ಸಿಕ್ಕಿಸಿಕೊಳ್ಳುವಷ್ಟರಲ್ಲಿ ಅವರು ಓಣಿ ದಾಟಿದ್ದರು. ಹಿಂದಿನಿಂದ ಮೈದುನ, "ಅವ್ವ, ಬಾಗ್ಲ ತಗ್ಯಾಗ ನೀ ಇರ್ಬೇಕಲ್ಲ," ಎಂದು ಕೂಗಿದ. "ಉಂಡಾದ್ಮೇಲೆ ತಗೀರ್ಲಾ," ಎಂದರು ತಿರುಗದೆ.

ಕೀಲುನೋವಿನ ಅತ್ತೆ ಅಷ್ಟು ಜೋರಾಗಿ ನಡೆದದ್ದನ್ನು ನಾನು ಕಂಡಿರಲಿಲ್ಲ. ಊರು ಮುಗಿದು ಚೆಂಡು ಹೂವಿನ ಹೊಲ ಬಂತು. ಕೊಯ್ಲು ಮುಗಿಯುತ್ತ ಬಂದಿತ್ತು. ಉಳಿದ ಹೂಗಳು ಗಿಡದಲ್ಲೇ ಕಂದಿದ್ದವು. ಹೊಲದ ಬದುವಿನಲ್ಲಿ ಯಾರೋ ಗಂಡಾಳು ಕೂತು ಬೀಡಿ ಸೇದುತ್ತಿದ್ದ. ಗಾಳಿ ನಮ್ಮ ಕಡೆಗೇ ಇತ್ತು. ಅತ್ತೆಯ ಹೆಜ್ಜೆ ಒಂದು ಗಳಿಗೆ ತಡೆಯಿತು. ನನ್ನ ಮಣಿಕಟ್ಟು ಹಿಡಿದುಕೊಂಡರು.

"ಏನಾರ ಮಾತಾಡಮ್ಮಿ."

"ಏನ್ ಮಾತಾಡ್ಲಿ ಅತ್ತೆ?"

"ಏನಾರ. ನಿಮ್ ಇಸ್ಕೂಲ್ ಕತೆ ಯೋಳು."

ಸಿಸ್ಟರ್ ಒಬ್ಬರು ಕೋತಿಗೆ ಹೆದರಿ ಬೆಂಚಿನ ಮೇಲೆ ಹತ್ತಿದ್ದನ್ನು ಹೇಳಿದೆ. ಅವರು ನಗಲಿಲ್ಲ. "ಬ್ಯಾರೆ," ಎಂದರು. ಮಳೆಯಲ್ಲಿ ಪ್ರೇಯರ್ ಮಾಡಿಸಿದ್ದನ್ನು ಹೇಳಿದೆ. "ಬ್ಯಾರೆ." ನಡೆಯುತ್ತಲೇ ಇದ್ದೆವು, ಹೊಗೆ ಹಿಂದೆ ಬಿದ್ದಿತ್ತು, ಅವರ ಹಿಡಿತ ಮಾತ್ರ ಸಡಿಲಾಗಿರಲಿಲ್ಲ. ಕತೆ ಖಾಲಿಯಾಗಿ ನಾನು ಇಂಗ್ಲಿಷಿನಲ್ಲಿ ಮಗ್ಗಿ ಹೇಳಲು ಶುರುಮಾಡಿದೆ, ಶಾಲೆಯಲ್ಲಿ ಹೇಳಿಸುತ್ತಿದ್ದ ಅದೇ ರಾಗದಲ್ಲಿ. ಟೂ ಒನ್ಸಾರ್ ಟೂ. ಅತ್ತೆ ತಲೆಯಾಡಿಸಿದರು.

"ಅದೇ. ನಿಲ್ಲುಸ್ಬ್ಯಾಡ."

ಹೈವೇಯ ಲಾರಿಗಳ ಸದ್ದು ಕೇಳಿಸುವಲ್ಲಿಗೆ ಬರುವಾಗ ಹನ್ನೆರಡರ ಮಗ್ಗಿ ಮುಗಿಯಿತು. ನಾನು ನಿಂತೆ.

"ಯಾಕೆ?"

"ಮುಂದಿಂದು ನಂಗೆ ಬರಲ್ಲ ಅತ್ತೆ."

"ತಪ್ಪಾದ್ರೂ ಯೋಳು. ನಂಗೇನ್ ತಿಳ್ದದಾ?"

ಹದಿಮೂರರ ಮಗ್ಗಿಯನ್ನು ತಪ್ಪುತಪ್ಪಾಗಿ ಹೇಳುತ್ತಾ ಹೋದೆ.